ಮನೆಯ ಕಂಪ್ಯೂಟರಿನಲ್ಲಿ ಕಾಣೆಯಾದ ಫೋಲ್ಡರುಗಳು: ಶೋಧನೆ, ಮರುಪ್ರಾಪ್ತಿ ಮತ್ತು ಪ್ರವೇಶಾನುಮತಿ



ಒಂದು ಕಾಲದಲ್ಲಿ ಮನೆಯ ಮುಖ್ಯ ಕಾಗದಪತ್ರಗಳಿಗೆ ಕಬ್ಬಿಣದ ಟ್ರಂಕೊಂದೇ ಆಶ್ರಯವಾಗಿತ್ತು. ಉದ್ಯೋಗನಿಮಿತ್ತವಾಗಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಇಂದು ಆ ಸ್ಥಾನವನ್ನು ಬಹುಮಟ್ಟಿಗೆ ಕಂಪ್ಯೂಟರ್ ಆಕ್ರಮಿಸಿದೆ. ಊರಿನ ಜಮೀನಿನ ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ, ನಿವೃತ್ತಿವೇತನದ ಆದೇಶ, ವೈದ್ಯಕೀಯ ವರದಿ, ಹಿರಿಯರ ಛಾಯಾಚಿತ್ರ ಇವೆಲ್ಲವೂ ಅದರ ಫೋಲ್ಡರುಗಳಲ್ಲಿ ಸೇರಿಕೊಂಡಿವೆ. ಇಂತಹ ಒಂದು ಫೋಲ್ಡರ್ ಇದ್ದಕ್ಕಿದ್ದಂತೆ ಕಾಣದಾದಾಗ, ಅಥವಾ ಕಂಡರೂ ‘ಪ್ರವೇಶಕ್ಕೆ ಅನುಮತಿಯಿಲ್ಲ’ ಎಂಬ ಸೂಚನೆ ಪರದೆಯ ಮೇಲೆ ಮೂಡಿದಾಗ, ಮನೆಮಂದಿ ಗಾಬರಿಗೊಳ್ಳುವುದು ಸಹಜ. ಆದರೆ ಮೂಲ ದೋಷಕ್ಕಿಂತ ಹೆಚ್ಚಾಗಿ, ಗಾಬರಿಯಲ್ಲಿ ಕೈಗೊಳ್ಳುವ ಕ್ರಮಗಳೇ ಅನೇಕ ವೇಳೆ ಶಾಶ್ವತ ನಷ್ಟವನ್ನುಂಟುಮಾಡುತ್ತವೆ ಎಂಬುದು ಗಮನಾರ್ಹ.

ಕಣ್ಣಿಗೆ ಕಾಣದಿರುವುದು ಬೇರೆ, ತೆರೆಯಲು ಅನುಮತಿ ಇಲ್ಲದಿರುವುದು ಬೇರೆ, ನಿಜವಾಗಿ ಅಳಿದುಹೋಗಿರುವುದು ಬೇರೆ. ಈ ಮೂರು ಸ್ಥಿತಿಗಳಿಗೆ ಚಿಕಿತ್ಸೆಯೂ ಬೇರೆಬೇರೆ. ಯಾವ ಸ್ಥಿತಿ ಎಂಬುದನ್ನು ನಿರ್ಧರಿಸುವ ಮೊದಲು ಕಂಪ್ಯೂಟರಿನಲ್ಲಿ ಯಾವ ಬದಲಾವಣೆಯನ್ನೂ ಮಾಡದಿರುವುದು ಪ್ರಥಮ ನಿಯಮ. ಮನೆಗಳಲ್ಲಿ ಅಧಿಕವಾಗಿ ಬಳಕೆಯಲ್ಲಿರುವ ವಿಂಡೋಸ್ ವ್ಯವಸ್ಥೆಯನ್ನು ಆಧರಿಸಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಈ ಭೇದದ ಮಹತ್ವವನ್ನು ಎರಡು ಘಟನೆಗಳು ಸ್ಪಷ್ಟಪಡಿಸುತ್ತವೆ. 2018ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಪರಿಷ್ಕರಣೆಯೊಂದನ್ನು ಬಿಡುಗಡೆ ಮಾಡಿತು. ‘ಡಾಕ್ಯುಮೆಂಟ್ಸ್’ನಂತಹ ಫೋಲ್ಡರುಗಳನ್ನು ಬೇರೆಡೆಗೆ ಸ್ಥಳಾಂತರಿಸಿ, ಹಳೆಯ ಸ್ಥಳದಲ್ಲಿಯೂ ಕೆಲವು ಫೈಲುಗಳನ್ನು ಉಳಿಸಿಕೊಂಡಿದ್ದ ಕೆಲವು ಬಳಕೆದಾರರ ಹಳೆಯ ಫೋಲ್ಡರುಗಳನ್ನು ಆ ಪರಿಷ್ಕರಣೆ ಅಳಿಸಿಹಾಕಿತು. ಸಂಸ್ಥೆಯು ಕೆಲವೇ ದಿನಗಳಲ್ಲಿ ವಿತರಣೆಯನ್ನು ತಡೆಹಿಡಿದು, ದೋಷವನ್ನು ಸರಿಪಡಿಸಿ ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿತು. ನಷ್ಟಕ್ಕೊಳಗಾದವರಿಗೆ ಅದು ನೀಡಿದ ಸಲಹೆಗಳಲ್ಲಿ ಮುಖ್ಯವಾದುದು, ಆ ಕಂಪ್ಯೂಟರಿನ ಬಳಕೆಯನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕೆಂಬುದು. 2020ರ ಫೆಬ್ರವರಿಯಲ್ಲಿ ಮತ್ತೊಂದು ಪರಿಷ್ಕರಣೆಯ ಬಳಿಕ ಕೆಲವರ ಡೆಸ್ಕ್‌ಟಾಪ್ ಬರಿದಾಗಿ ಕಂಡಿತು. ಈ ಸಲ ಫೈಲುಗಳು ಅಳಿದಿರಲಿಲ್ಲ. ವ್ಯವಸ್ಥೆಯು ಅವರನ್ನು ತಾತ್ಕಾಲಿಕ ಪ್ರೊಫೈಲ್ ಒಂದರೊಳಗೆ ಕರೆದೊಯ್ದಿತ್ತು. ಅವರ ಸ್ವಂತ ಫೋಲ್ಡರ್ ಹೆಸರಿನ ಕೊನೆಯಲ್ಲಿ ಅಲ್ಪ ಬದಲಾವಣೆಯೊಡನೆ ‘ಯೂಸರ್ಸ್’ ಎಂಬ ಫೋಲ್ಡರಿನೊಳಗೇ ಸುರಕ್ಷಿತವಾಗಿತ್ತು. ಎರಡೂ ಸಂದರ್ಭಗಳಲ್ಲಿ ಪರದೆಯ ಮೇಲೆ ಕಂಡ ದೃಶ್ಯ ಒಂದೇ ತೆರನಾದುದು. ಆದರೆ ಒಂದರಲ್ಲಿ ಸ್ವತ್ತು ಹೋಗಿತ್ತು, ಮತ್ತೊಂದರಲ್ಲಿ ದಾರಿ ತಪ್ಪಿತ್ತು.

ಕಂಪ್ಯೂಟರ್ ಒಂದು ಫೈಲನ್ನು ಅಳಿಸುವಾಗ ನಡೆಯುವುದೇನು ಎಂಬುದನ್ನು ಪಹಣಿಯ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ಪಹಣಿಯಿಂದ ಹೆಸರನ್ನು ತೆಗೆದ ಮಾತ್ರಕ್ಕೆ ಹೊಲದಲ್ಲಿರುವ ಬೆಳೆ ಮಾಯವಾಗುವುದಿಲ್ಲ. ಬೇರೊಬ್ಬರು ಬಂದು ಉತ್ತು ಬಿತ್ತಿದ ಮೇಲೆಯೇ ಹಳೆಯ ಬೆಳೆ ಇಲ್ಲವಾಗುವುದು. ಅಂತೆಯೇ ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಫೈಲನ್ನು ಅಳಿಸಿದಾಗ ಅದರ ದಾಖಲೆಯನ್ನು ರದ್ದುಪಡಿಸಿ, ಆ ಜಾಗ ತೆರವಾಗಿದೆಯೆಂದು ಗುರುತಿಸಲಾಗುತ್ತದೆ. ಹೊಸ ಮಾಹಿತಿ ಬಂದು ಅಲ್ಲಿ ಕೂರುವವರೆಗೆ ಹಳೆಯದು ಉಳಿದೇ ಇರುತ್ತದೆ. ಆದಕಾರಣ ಫೈಲು ಅಳಿದಿದೆ ಎಂಬ ಅನುಮಾನ ಬಂದ ಕೂಡಲೇ ಹೊಸ ತಂತ್ರಾಂಶವನ್ನು ಸ್ಥಾಪಿಸುವುದಾಗಲಿ, ಚಲನಚಿತ್ರಗಳನ್ನು ಇಳಿಸಿಕೊಳ್ಳುವುದಾಗಲಿ ಕೂಡದು. ಈಚಿನ ಕಂಪ್ಯೂಟರುಗಳಲ್ಲಿರುವ ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನದ ರೀತಿ ಭಿನ್ನವಾದುದು. ಅಳಿಸಿದ ಫೈಲಿನ ಜಾಗ ಬೇಡವಾಗಿದೆ ಎಂಬ ಸೂಚನೆಯನ್ನು ವಿಂಡೋಸ್ ಅದಕ್ಕೆ ನೀಡುತ್ತದೆ, ಸಾಧನವು ಆ ಜಾಗವನ್ನು ತಾನಾಗಿಯೇ ಶುಚಿಗೊಳಿಸುತ್ತದೆ. ಹೀಗಾಗಿ ಅಲ್ಲಿ ಮರುಪ್ರಾಪ್ತಿಯ ಸಾಧ್ಯತೆ ಬಹಳ ಕಡಿಮೆ.

ಶೋಧನೆಯನ್ನು ಸುಲಭವಾದುದರಿಂದ ಆರಂಭಿಸಿ ಕ್ರಮವಾಗಿ ಮುಂದುವರಿಸಬೇಕು. ಮೌಸಿನ ಕೈತಪ್ಪಿನಿಂದ ಒಂದು ಫೋಲ್ಡರ್ ಪಕ್ಕದ ಫೋಲ್ಡರಿನೊಳಗೆ ಜಾರಿಬೀಳುವುದು ತೀರ ಸಾಮಾನ್ಯ. ಆಗತಾನೇ ಹೀಗಾಗಿದ್ದರೆ ಕಂಟ್ರೋಲ್ ಮತ್ತು ಝೆಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಕೊನೆಯ ಕ್ರಿಯೆ ರದ್ದಾಗುತ್ತದೆ. ಇಲ್ಲವಾದಲ್ಲಿ ಫೈಲ್ ಎಕ್ಸ್‌ಪ್ಲೋರರನ್ನು ತೆರೆದು, ‘ದಿಸ್ ಪಿಸಿ’ಯನ್ನು ಆರಿಸಿಕೊಂಡು, ಶೋಧ ಪೆಟ್ಟಿಗೆಯಲ್ಲಿ ಹೆಸರಿನ ಒಂದು ಭಾಗವನ್ನಷ್ಟೇ ಬರೆದು ಹುಡುಕಬೇಕು. ಮುಂದೆ ‘ರೀಸೈಕಲ್ ಬಿನ್’ ನೋಡಬೇಕು. 1995ರ ವಿಂಡೋಸ್ ಆವೃತ್ತಿಯೊಡನೆ ಬಂದ ಈ ಬುಟ್ಟಿಯಲ್ಲಿ, ಅಳಿಸಿದ ಫೈಲುಗಳು ಬುಟ್ಟಿಯನ್ನು ಖಾಲಿ ಮಾಡುವವರೆಗೆ ಅಥವಾ ಅದು ತುಂಬುವವರೆಗೆ ಇರುತ್ತವೆ. ಆದರೆ ಶಿಫ್ಟ್ ಕೀಲಿಯನ್ನೂ ಒತ್ತಿ ಅಳಿಸಿದವು ಅಲ್ಲಿಗೆ ಬರುವುದಿಲ್ಲ. ಪೆನ್ ಡ್ರೈವಿನಿಂದ ಅಳಿಸಿದವು ಸಾಮಾನ್ಯವಾಗಿ ಅಲ್ಲಿರುವುದಿಲ್ಲ.

ಅಲ್ಲಿಯೂ ಸಿಗದಿದ್ದರೆ ‘ಒನ್‌ಡ್ರೈವ್’ ಕಡೆಗೆ ಗಮನ ಹರಿಸಬೇಕು. ಈ ಸೇವೆಯ ಬ್ಯಾಕಪ್ ವ್ಯವಸ್ಥೆ ಚಾಲನೆಯಲ್ಲಿದ್ದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಒನ್‌ಡ್ರೈವ್ ಫೋಲ್ಡರಿನೊಳಗಿನಿಂದ ಕೆಲಸ ಮಾಡುತ್ತವೆ. ವ್ಯವಸ್ಥೆಯನ್ನು ನಿಲ್ಲಿಸಿದಾಗ ಹಳೆಯ ಫೈಲುಗಳು ಅಲ್ಲಿಯೇ ಉಳಿದು, ಡೆಸ್ಕ್‌ಟಾಪ್ ಬರಿದಾಗಿ ಕಾಣಬಹುದು. ವೈಯಕ್ತಿಕ ಖಾತೆಗಳಲ್ಲಿ, ಅಂತರಜಾಲದ ಮೂಲಕ ನೋಡಬಹುದಾದ ಒನ್‌ಡ್ರೈವಿನ ಸ್ವಂತ ಬುಟ್ಟಿಯು ಅಳಿಸಿದ ಫೈಲುಗಳನ್ನು ಸಾಮಾನ್ಯವಾಗಿ 30 ದಿನ ಇರಿಸಿಕೊಂಡಿರುತ್ತದೆ. ಈ ಅವಧಿ ಮೀರದಂತೆ ನೋಡಿಕೊಳ್ಳುವುದು ಅವಶ್ಯ. ತಾತ್ಕಾಲಿಕ ಪ್ರೊಫೈಲಿನ ಸೂಚನೆ ಬಂದಿದ್ದಲ್ಲಿ ಅಲ್ಲಿ ಹೊಸದಾಗಿ ಏನನ್ನೂ ಉಳಿಸಬಾರದು. ಏಕೆಂದರೆ ಹೊರಬಂದೊಡನೆ ಅದು ಅಳಿಯುತ್ತದೆ. ಕಂಪ್ಯೂಟರನ್ನು ಪುನಃ ಆರಂಭಿಸಿ ನೋಡುವುದೇ ಮೊದಲ ಉಪಾಯ.

ಫೋಲ್ಡರ್ ಸ್ವಸ್ಥಾನದಲ್ಲಿಯೇ ಇದ್ದು ಮರೆಯಾಗಿರುವುದೂ ಉಂಟು. ಪ್ರತಿಯೊಂದು ಫೋಲ್ಡರಿಗೂ ‘ಹಿಡನ್’ ಎಂಬ ಗುಣಲಕ್ಷಣವನ್ನು ನೀಡಲು ಅವಕಾಶವಿದೆ. ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ ಎಂಬುದನ್ನು ಗುರುತಿಸಿದರೆ ಅಂತಹವು ಮಸುಕಾಗಿ ಕಾಣತೊಡಗುತ್ತವೆ. ಬಳಿಕ ಅದರ ‘ಪ್ರಾಪರ್ಟೀಸ್’ ತೆರೆದು ಆ ಗುರುತನ್ನು ತೆಗೆಯಬಹುದು. ಪೆನ್ ಡ್ರೈವುಗಳ ಮೂಲಕ ಹರಡುವ ಕೆಲವು ವೈರಸ್‌ಗಳು ನಿಜವಾದ ಫೋಲ್ಡರುಗಳನ್ನು ಹೀಗೆ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತವೆ. ಆ ಶಾರ್ಟ್‌ಕಟ್ ಒತ್ತಿದೊಡನೆ ಸೋಂಕು ಮನೆಯ ಕಂಪ್ಯೂಟರಿಗೂ ತಗಲುತ್ತದೆ. ಆದ್ದರಿಂದ ಮೊದಲು ವೈರಸ್ ನಿವಾರಣೆ, ಅನಂತರ ಫೋಲ್ಡರಿನ ಅನಾವರಣ ಎಂಬ ಕ್ರಮವನ್ನು ಪಾಲಿಸತಕ್ಕದ್ದು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಇಂತಹ ಸೋಂಕು ನಿವಾರಣೆಯ ಸಾಧನಗಳು ಸಾರ್ವಜನಿಕರಿಗೆ ಉಚಿತವಾಗಿ ಲಭ್ಯವಿವೆ.

ಇಷ್ಟೆಲ್ಲ ಪರಿಶೀಲನೆಯ ಬಳಿಕ ಫೈಲು ನಿಜವಾಗಿ ಅಳಿದಿದೆ ಎಂದು ತಿಳಿದುಬಂದರೆ, ಹಿಂದೆ ‘ಫೈಲ್ ಹಿಸ್ಟರಿ’ಯಂತಹ ಸೌಲಭ್ಯವನ್ನು ಚಾಲನೆಯಲ್ಲಿ ಇರಿಸಿದ್ದವರು ಅಲ್ಲಿಂದ ಹಳೆಯ ಪ್ರತಿಯನ್ನು ತೆಗೆದುಕೊಳ್ಳಬಹುದು. ಅದಿಲ್ಲದವರಿಗೆ, ಮೈಕ್ರೋಸಾಫ್ಟ್ 2020ರಲ್ಲಿ ಬಿಡುಗಡೆ ಮಾಡಿದ ‘ವಿಂಡೋಸ್ ಫೈಲ್ ರಿಕವರಿ’ ಎಂಬ ಉಚಿತ ಸಾಧನವಿದೆ. ಇದಕ್ಕೆ ಆಜ್ಞೆಗಳನ್ನು ಬೆರಳಚ್ಚಿಸಬೇಕಾದುದರಿಂದ ಬಲ್ಲವರ ನೆರವು ಪಡೆಯುವುದು ಒಳಿತು. ಮರಳಿ ಪಡೆದ ಫೈಲುಗಳನ್ನು ಅದೇ ಡ್ರೈವಿನಲ್ಲಿ ಉಳಿಸದೆ, ಬೇರೊಂದು ಡ್ರೈವಿನಲ್ಲಿ ಉಳಿಸಬೇಕು. ಇಲ್ಲವಾದರೆ ಉಳಿಯಬೇಕಾದ ಬೆಳೆಯ ಮೇಲೆಯೇ ನೇಗಿಲು ಹೂಡಿದಂತಾದೀತು. ಡಿಸ್ಕಿನಿಂದ ಕಟಕಟ ಸದ್ದು ಕೇಳಿಬರುತ್ತಿದ್ದರೆ ಕಂಪ್ಯೂಟರನ್ನು ಆರಿಸಿ ತಜ್ಞರಿಗೆ ಒಪ್ಪಿಸುವುದೇ ಲೇಸು. ಅಂತಹ ಡಿಸ್ಕನ್ನು ದುರಸ್ತಿ ಕಾರ್ಯಕ್ರಮಕ್ಕೆ ಒಳಪಡಿಸಿದಲ್ಲಿ ಉಳಿದಿರುವುದೂ ಕೈತಪ್ಪಬಹುದು.

ಇನ್ನು ಪ್ರವೇಶಾನುಮತಿಯ ಸಮಸ್ಯೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅನೇಕರು ಹೊಸ ಕಂಪ್ಯೂಟರ್ ಕೊಂಡು, ಹಳೆಯದರ ಡಿಸ್ಕನ್ನು ಅದಕ್ಕೆ ಜೋಡಿಸಿ ಫೈಲುಗಳನ್ನು ತೆಗೆದುಕೊಳ್ಳಲು ಯತ್ನಿಸುತ್ತಾರೆ. ಆಗ ತಮ್ಮದೇ ಫೋಲ್ಡರ್ ತಮಗೇ ತೆರೆದುಕೊಳ್ಳದಿರುವುದನ್ನು ಕಂಡು ಚಕಿತರಾಗುತ್ತಾರೆ. ಎರಡೂ ಕಡೆ ಬಳಕೆದಾರರ ಹೆಸರು ಒಂದೇ ಆಗಿದ್ದರೂ ಪ್ರಯೋಜನವಾಗದು. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯು ಪ್ರತಿಯೊಂದು ಫೋಲ್ಡರಿನ ಮಾಲೀಕರನ್ನೂ, ಅನುಮತಿ ಹೊಂದಿರುವವರನ್ನೂ ದಾಖಲಿಸುತ್ತದೆ. ಆದರೆ ಹೆಸರಿನಿಂದಲ್ಲ, ಪ್ರತಿ ಖಾತೆಗೂ ನೀಡಿದ ವಿಶಿಷ್ಟ ಸಂಖ್ಯೆಯಿಂದ. ಒಂದು ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಹೊಲದ ಒಡೆತನವನ್ನು ಕೇವಲ ಹೆಸರು ನೋಡಿ ನಿರ್ಣಯಿಸಲಾಗದಷ್ಟೆ. ಇದೂ ಹಾಗೆಯೇ. ಹೊಸ ಕಂಪ್ಯೂಟರಿನ ಖಾತೆಗೆ ಹೊಸ ಸಂಖ್ಯೆ ಇರುವುದರಿಂದ ಹಳೆಯ ಫೋಲ್ಡರ್ ಅದನ್ನು ಅಪರಿಚಿತನಂತೆ ಕಾಣುತ್ತದೆ.

ಪರಿಹಾರವು ಎರಡು ಹಂತಗಳದ್ದು: ಮೊದಲು ಒಡೆತನ, ಅನಂತರ ಅನುಮತಿ. ಆಡಳಿತಾಧಿಕಾರವುಳ್ಳ, ಅಂದರೆ ‘ಅಡ್ಮಿನಿಸ್ಟ್ರೇಟರ್’ ದರ್ಜೆಯ ಖಾತೆಯಿಂದ ಪ್ರವೇಶಿಸಿ, ಆ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಪ್ರಾಪರ್ಟೀಸ್’, ಅಲ್ಲಿಂದ ‘ಸೆಕ್ಯೂರಿಟಿ’, ಮುಂದೆ ‘ಅಡ್ವಾನ್ಸ್ಡ್’ ಎಂಬುದನ್ನು ತೆರೆಯಬೇಕು. ಮೇಲ್ಭಾಗದಲ್ಲಿ ‘ಓನರ್’ ಎಂಬುದರ ಪಕ್ಕದ ‘ಚೇಂಜ್’ ಒತ್ತಿ, ತಮ್ಮ ಖಾತೆಯ ಹೆಸರನ್ನು ಬರೆದು, ‘ಚೆಕ್ ನೇಮ್ಸ್’ ಮೂಲಕ ಖಚಿತಪಡಿಸಿಕೊಳ್ಳಬೇಕು. ಒಳಗಿನ ಫೋಲ್ಡರುಗಳ ಒಡೆತನವನ್ನೂ ಬದಲಿಸಲು ಅದರ ಕೆಳಗೆ ಕಾಣುವ ಚೌಕವನ್ನು ಗುರುತಿಸಿ ಒಪ್ಪಿಗೆ ನೀಡಬೇಕು. ಒಮ್ಮೆ ಎಲ್ಲವನ್ನೂ ಮುಚ್ಚಿ, ಮತ್ತೆ ಅದೇ ಪುಟಕ್ಕೆ ಬಂದು ‘ಆಡ್’ ಒತ್ತಿ, ತಮ್ಮ ಖಾತೆಯನ್ನು ಸೇರಿಸಿ ಬೇಕಾದ ಅನುಮತಿಯನ್ನು ನೀಡಿಕೊಳ್ಳಬೇಕು. ಒಡೆಯನಾದ ಮಾತ್ರಕ್ಕೆ ಓದುವ, ಬರೆಯುವ ಹಕ್ಕು ತಾನಾಗಿ ಬಾರದು, ಆ ಹಕ್ಕನ್ನು ಕೊಡುವ ಅಧಿಕಾರವಷ್ಟೇ ಬರುತ್ತದೆ. ಮೊದಲ ಹಂತದಲ್ಲಿಯೇ ನಿಂತು ‘ಪರಿಹಾರ ಫಲಿಸಲಿಲ್ಲ’ ಎನ್ನುವವರು ಗಮನಿಸದ ಅಂಶ ಇದು.

ಇಲ್ಲಿ ಕೆಲವು ಎಚ್ಚರಿಕೆಗಳು ಅಗತ್ಯ. ಈ ಬದಲಾವಣೆಯನ್ನು ತಮ್ಮ ಫೈಲುಗಳಿರುವ ಫೋಲ್ಡರಿಗೆ ಮಾತ್ರ ಸೀಮಿತಗೊಳಿಸಬೇಕು. ಇಡೀ ಸಿ ಡ್ರೈವಿಗಾಗಲಿ, ‘ವಿಂಡೋಸ್’, ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರುಗಳಿಗಾಗಲಿ ಅನ್ವಯಿಸಿದರೆ ವ್ಯವಸ್ಥೆಯ ರಕ್ಷಣೆಯೇ ಕುಸಿಯಬಹುದು. ಸುಲಭವೆಂದು ‘ಎವ್ರಿವನ್’ ಎಂಬ ಗುಂಪಿಗೆ ಪೂರ್ಣಾಧಿಕಾರ ನೀಡುವುದು ಮನೆಯ ಬಾಗಿಲಿನ ಚಿಲಕವನ್ನೇ ಕಿತ್ತಂತೆ. ಮರೆಯಾದವನ್ನೆಲ್ಲ ತೋರಿಸುವಂತೆ ಮಾಡಿದಾಗ ಸಿ ಡ್ರೈವಿನಲ್ಲಿ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಎಂಬುದು ಕಾಣಬಹುದು, ತೆರೆಯಲು ಹೋದರೆ ನಿರಾಕರಣೆ ಎದುರಾಗಬಹುದು. ಅದು ದೋಷವಲ್ಲ. ಹಳೆಯ ತಂತ್ರಾಂಶಗಳಿಗೆ ‘ಯೂಸರ್ಸ್’ ಫೋಲ್ಡರಿನ ದಾರಿ ತೋರಿಸುವ ಕೈಮರ ಮಾತ್ರ ಅದು. ಅದನ್ನು ಹಾಗೆಯೇ ಬಿಡತಕ್ಕದ್ದು. ಡಿಸ್ಕು ಬಿಟ್‌ಲಾಕರ್ ವ್ಯವಸ್ಥೆಯಿಂದ ಗೂಢಲಿಪೀಕರಣಗೊಂಡಿದ್ದರೆ ಒಡೆತನದ ಬದಲಾವಣೆಯಿಂದ ಏನೂ ಸಾಧಿಸದು. ಮೂಲ ಪಾಸ್‌ವರ್ಡ್ ಇಲ್ಲದವರಿಗೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯೇ ಬೇಕು. ಅದು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವುದುಂಟು. ಹಳೆಯ ಕಂಪ್ಯೂಟರನ್ನು ಬಿಡುವ ಮುನ್ನವೇ ಈ ಕೀಲಿಯನ್ನು ಕಾಗದದಲ್ಲಿ ಬರೆದಿಡುವುದು ದೂರದೃಷ್ಟಿಯ ಕ್ರಮ.

ಫೈಲು ಕಳೆದುಕೊಂಡವರ ಆತಂಕವನ್ನು ದುರುಪಯೋಗಪಡಿಸಿಕೊಳ್ಳುವವರೂ ಇದ್ದಾರೆ. ಕಂಪ್ಯೂಟರ್ ಕಂಪನಿಯವರೆಂದು ಹೇಳಿಕೊಂಡು ದೂರವಾಣಿ ಮಾಡಿ, ದೂರದಿಂದಲೇ ಪರದೆಯನ್ನು ನಿಯಂತ್ರಿಸುವ ತಂತ್ರಾಂಶವನ್ನು ಹಾಕಿಸಿ, ಕೊನೆಗೆ ಬ್ಯಾಂಕ್ ಖಾತೆಗೆ ಕೈಹಾಕುವುದು ಇವರ ರೀತಿ. ಪರಿಚಯವಿಲ್ಲದವರಿಗೆ ಪರದೆಯನ್ನಾಗಲಿ, ಒಂದು ಸಲದ ಪಾಸ್‌ವರ್ಡನ್ನಾಗಲಿ ಒಪ್ಪಿಸಲಾಗದು. ಹಣ ಹೋಗಿದ್ದಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಬೇಕು.

ಕೊನೆಯದಾಗಿ, ಮರುಪ್ರಾಪ್ತಿಗಿಂತ ಮುಂಜಾಗರೂಕತೆಯೇ ಮೇಲು. ಮುಖ್ಯ ಫೈಲುಗಳ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಮನೆಯಿಂದ ಹೊರಗಿರಬೇಕು. ನಗರದಲ್ಲಿರುವವರು ಊರಿನ ಅಣ್ಣತಮ್ಮಂದಿರ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕನ್ನು ಇರಿಸಿದರೂ ಈ ನಿಯಮ ಪೂರೈಸುತ್ತದೆ. ಬ್ಯಾಕಪ್ ತೆಗೆದ ಮೇಲೆ ಡಿಸ್ಕನ್ನು ಕಂಪ್ಯೂಟರಿನಿಂದ ಬೇರ್ಪಡಿಸಿಡಬೇಕು, ವರ್ಷಕ್ಕೆ ಎರಡು ಬಾರಿಯಾದರೂ ಅದನ್ನು ತೆರೆದು ನೋಡಬೇಕು. ಸರ್ಕಾರಿ ದಾಖಲೆಗಳಿಗೆ 2015ರಿಂದ ಡಿಜಿಲಾಕರ್ ಸೌಲಭ್ಯವಿದೆ. ಅದರಲ್ಲಿ ಆಯಾ ಇಲಾಖೆಗಳು ಒದಗಿಸಿರುವ ಪ್ರಮಾಣಪತ್ರಗಳನ್ನು ಮತ್ತೆ ಪಡೆದುಕೊಳ್ಳಬಹುದು. ಆದರೆ ಅಜ್ಜಿಯ ಧ್ವನಿಮುದ್ರಣವನ್ನಾಗಲಿ, ಮದುವೆಯ ಚಿತ್ರಗಳನ್ನಾಗಲಿ ಯಾವ ಕಚೇರಿಯೂ ಎರಡನೆಯ ಬಾರಿ ನೀಡಲಾರದು. ಪ್ರತಿ ಮಾಡಿಡುವ ಕೆಲಸವನ್ನು ಇಂತಹವುಗಳಿಂದಲೇ ಆರಂಭಿಸುವುದು ಉಚಿತ.