ಹಳೆಯ ಸಂಚಿಕೆಗಳ ಜೋಪಾನ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಾಲೇಜು ಗ್ರಂಥಾಲಯದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ನಮ್ಮ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು, ಅಂದರೆ ಆನಂದಕಂದರು, 1938ರಲ್ಲಿ ಧಾರವಾಡದಿಂದ ‘ಜಯಂತಿ’ ಮಾಸಪತ್ರಿಕೆ ಹೊರಡಿಸಿದರು. ಅವರ ಪುಸ್ತಕಗಳಾದರೆ ಮರುಮುದ್ರಣ ಆದಾವು. ತಿಂಗಳ ಸಂಚಿಕೆಯನ್ನು ಮತ್ತೆ ಯಾರು ಅಚ್ಚು ಹಾಕಿಸುತ್ತಾರೆ?

ನೌಕರಿಗೆ ಸೇರಿದ ಹೊಸತರಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹಳೆಯ ಮಾಸಪತ್ರಿಕೆಗಳನ್ನು ಬೈಂಡಿಂಗಿಗೆ ಕೊಡುವಾಗ ರಕ್ಷಾಪುಟ, ಜಾಹೀರಾತಿನ ಹಾಳೆ ತೆಗೆಸಿಬಿಟ್ಟೆ. ಚೆಂದ ಕಾಣಲಿ ಎಂದು ಮೂರೂ ಬದಿ ಕತ್ತರಿಸಲು ಹೇಳಿದೆ. ಕೆಲವು ವರ್ಷಗಳ ಮೇಲೆ ಸಂಶೋಧನೆಗೆಂದು ಬಂದ ಹುಡುಗಿಯೊಬ್ಬಳು, “ಸರ್, ಈ ಲೇಖನ ಯಾವ ತಿಂಗಳದ್ದು?” ಎಂದಳು. ತಿಂಗಳು ಇದ್ದದ್ದು ರಕ್ಷಾಪುಟದ ಮೇಲೆ. ಚಂದಾ ಎಷ್ಟು, ಎಲ್ಲಿ ಅಚ್ಚಾಯಿತು, ಎಲ್ಲವೂ ರದ್ದಿಗೆ ಹೋಗಿತ್ತು. ಅಂಚಿನ ಅಕ್ಷರಗಳೂ ಕೆಲವು ಕತ್ತರಿಗೆ ಸಿಕ್ಕಿದ್ದವು. ಆ ಹುಡುಗಿಯ ಮುಖ ನನಗೆ ಇಂದಿಗೂ ನೆನಪಿದೆ.

ಆಮೇಲೆ ಕಲಿತೆ. ಅಗ್ಗದ ಕಾಗದದಲ್ಲಿ ಕಟ್ಟಿಗೆಯ ತಿರುಳು ಇರುತ್ತದೆ. ಬೆಳಕು, ಗಾಳಿ ತಾಗಿ ಅದರಲ್ಲಿ ಆಮ್ಲ ಹೆಚ್ಚುತ್ತದೆ, ಹಾಳೆ ಹಳದಿಯಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ಪಿನ್ನಿನ ತಂತಿ ಮಳೆಗಾಲದ ತೇವಕ್ಕೆ ಜಂಗು ಹಿಡಿದು ಮಡಿಕೆಯನ್ನೇ ತಿನ್ನುತ್ತದೆ. ಪಿನ್ನು ಮೆಲ್ಲಗೆ ತೆಗೆದು ದಾರದಿಂದ ಹೊಲಿಯಬೇಕು. ಹರಿದಲ್ಲಿ ತೆಳುವಾದ ಟಿಶ್ಯೂ ಕಾಗದವನ್ನು ಗೋಧಿ ಹಿಟ್ಟಿನ ಅಂಟಿನಿಂದ ಹಚ್ಚಬೇಕು. ಈ ಅಂಟನ್ನು ನೀರು ಹಚ್ಚಿ ಮುಂದೆ ಬಿಡಿಸಬಹುದು. ಸೆಲ್ಲೋಟೇಪು ಮಾತ್ರ ಬೇಡವೇ ಬೇಡ. ಟೇಪು ಉದುರುತ್ತದೆ, ಕಂದು ಕಲೆ ಉಳಿಯುತ್ತದೆ. ಮುಟ್ಟಿದರೆ ಪುಡಿಯಾಗುವ ಸಂಚಿಕೆಯನ್ನು ಬೈಂಡ್ ಮಾಡಿಸಲೇಬಾರದು. ಪೆಟ್ಟಿಗೆಯಲ್ಲಿ ಮಲಗಿಸಿ ಇಡಬೇಕು, ಗೋಡೆಗೆ ತಾಗದಂತೆ. ಗೆದ್ದಲು ಗೋಡೆಯಿಂದಲೇ ಬರುತ್ತದಲ್ಲ!

ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರೆ ಸಾಕು ಎನ್ನುವವರಿದ್ದಾರೆ. ಹಾಕೋಣ, ನಾನು ಬೇಡ ಅನ್ನುವುದಿಲ್ಲ. ಆದರೆ ಫೋಟೋ ತೆಗೆಯಲಿಕ್ಕಾದರೂ ಹಾಳೆ ಇರಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ, ತೀರಿಹೋದ ಮಾಸ್ತರರ ಟ್ರಂಕುಗಳಲ್ಲಿ ಇಂಥ ಸಂಚಿಕೆಗಳು ಇನ್ನೂ ಇದ್ದಾವು. ದೀಪಾವಳಿಗೆ ಮನೆ ತೊಳೆಯುವಾಗ ರದ್ದಿಯವನನ್ನು ಕರೆಯುವ ಮೊದಲು ನನಗೊಂದು ಮಾತು ತಿಳಿಸಿರಿ. ನಮ್ಮ ಶಾಲೆಯ ಕೈಬರಹದ ಪತ್ರಿಕೆಗಳೂ ಆಫೀಸಿನ ಕಪಾಟಿನಲ್ಲಿವೆ ಎಂದು ಮುಖ್ಯಗುರುಗಳು ಈಗಷ್ಟೇ ಹೇಳಿದರು. ಊಟವಾದ ಮೇಲೆ ಅದನ್ನು ತೆಗೆಯುತ್ತೇವೆ. ದಾರ, ಸೂಜಿ ತಂದಿದ್ದೇನೆ. ಇಬ್ಬರು ಹುಡುಗರು ಬಂದರೆ ಸಾಕು.