ಮೂರು ತಂತಿಗಳ ಸೇತುವೆ



ಕೆಲವು ವರ್ಷಗಳ ಹಿಂದೆ ನಾವು ನಮ್ಮೂರಿನ ಬೆಟ್ಟದ ಗಡಿಯನ್ನು ಹಿರಿಯರೊಡನೆ ನಡೆದು ಜಿಪಿಎಸ್ ಯಂತ್ರದಲ್ಲಿ ಗುರುತಿಸಿಕೊಂಡೆವು. ಯಂತ್ರದಿಂದ ಕಂಪ್ಯೂಟರಿಗೆ ಮಾಹಿತಿ ಸಾಗಿಸುವ ಕೇಬಲ್ ನಮ್ಮಲ್ಲಿರಲಿಲ್ಲ. ಪರದೆಯ ಅಂಕಿಗಳನ್ನು ಓದಿ ಪುಸ್ತಕದಲ್ಲಿ ಬರೆದುಕೊಂಡೆವು. ನಕ್ಷೆ ಸಿದ್ಧವಾದಾಗ ದೇವರಕಾಡಿನ ಒಂದು ಮೂಲೆ ಹೊಳೆಯಾಚೆ ಕುಳಿತಿತ್ತು! 14 ಡಿಗ್ರಿ 21.456 ನಿಮಿಷ ಎಂಬುದನ್ನು 24.156 ಎಂದು ಬರೆದಿದ್ದೆವು. ಅಕ್ಷಾಂಶದ ಒಂದು ನಿಮಿಷವೆಂದರೆ ಸುಮಾರು 1.85 ಕಿಲೋಮೀಟರ್, ಎರಡು ಅಂಕಿಗಳು ಅದಲುಬದಲಾದುದಕ್ಕೆ ಕಾಡು 5 ಕಿಲೋಮೀಟರ್ ಸರಿದುಹೋಗಿತ್ತು. ಅಂತಹ ನಕ್ಷೆಯನ್ನು ಅಧಿಕಾರಿಗಳ ಮುಂದಿಟ್ಟರೆ ನಮ್ಮ ಉಳಿದ ಮಾತನ್ನೂ ಯಾರು ನಂಬಿಯಾರು?

ಆದುದರಿಂದ ಇಂದು ಕೇಬಲನ್ನು ನಾವೇ ತಯಾರಿಸುವ ಬಗೆಯನ್ನು ಹೇಳಬಯಸುತ್ತೇನೆ. ನನ್ನ ಕೈಯಲ್ಲಿರುವುದು ಹಳದಿ ಬಣ್ಣದ ಹಳೆಯ ಗಾರ್ಮಿನ್ ಇಟ್ರೆಕ್ಸ್. ಇದು 500 ಸ್ಥಳಗಳನ್ನು ನೆನಪಿಡಬಲ್ಲದು. ಇದರ ಬೆನ್ನಿನ ರಬ್ಬರ್ ಮುಚ್ಚಳದಡಿ ನಾಲ್ಕು ಲೋಹದ ಸಂಪರ್ಕಗಳಿವೆ: ಮಾಹಿತಿ ಹೊರಹೋಗಲು ಒಂದು, ಒಳಬರಲು ಒಂದು, ಭೂಸಂಪರ್ಕಕ್ಕೆ ಒಂದು, ಹೊರಗಿನ ವಿದ್ಯುತ್ತಿಗೆ ಒಂದು. ನಮಗೆ ಮೊದಲ ಮೂರು ಸಾಕು. ನಾಲ್ಕನೆಯದಕ್ಕೆ ಏನನ್ನೂ ಜೋಡಿಸಬಾರದು. ಎರಡು ಪೆನ್ಸಿಲ್ ಸೆಲ್‌ಗಳ 3 ವೋಲ್ಟಿನಲ್ಲಿ ನಡೆಯುವ ಯಂತ್ರಕ್ಕೆ ಜೀಪಿನ 12 ವೋಲ್ಟ್ ತಗುಲಿದರೆ ಅದು ಸುಟ್ಟೀತು. ಯಾವುದು ಯಾವ ಸಂಪರ್ಕವೆಂಬುದನ್ನು ಯಂತ್ರದ ಕೈಪಿಡಿಯ ಚಿತ್ರದಿಂದಲೇ ತಿಳಿಯಿರಿ, ಊಹೆ ಬೇಡ.

ಗುಜರಿಯಲ್ಲಿ ಸಿಗುವ ಹಳೆಯ ಸೀರಿಯಲ್ ಮೌಸ್‌ನ ತಂತಿಗೆ ಒಂಬತ್ತು ರಂಧ್ರಗಳ ಪ್ಲಗ್ ಇರುತ್ತದೆ. ಅದರಲ್ಲಿ 2ನೆಯದು ಕಂಪ್ಯೂಟರಿನ ಕಿವಿ, 3ನೆಯದು ಬಾಯಿ, 5ನೆಯದು ಭೂಸಂಪರ್ಕ. ಯಂತ್ರದ ಬಾಯಿಯನ್ನು ಕಂಪ್ಯೂಟರಿನ ಕಿವಿಗೆ, ಕಂಪ್ಯೂಟರಿನ ಬಾಯಿಯನ್ನು ಯಂತ್ರದ ಕಿವಿಗೆ, ಭೂಸಂಪರ್ಕವನ್ನು ಭೂಸಂಪರ್ಕಕ್ಕೆ ಸೇರಿಸಬೇಕು. ಯಾವ ಬಣ್ಣದ ತಂತಿ ಯಾವ ರಂಧ್ರಕ್ಕೆ ಹೋಗಿದೆಯೆಂಬುದನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಿ.

ಯಂತ್ರದ ಕಡೆಯ ಪ್ಲಗ್ಗಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ತುಂಡನ್ನು ಅಳತೆಗೆ ಕತ್ತರಿಸಿ. ಕೆಟ್ಟ ಟಾರ್ಚಿನ ಹಿತ್ತಾಳೆ ಪಟ್ಟಿಯಿಂದ ಮೂರು ಸಣ್ಣ ನಾಲಿಗೆಗಳನ್ನು ಮಾಡಿ, ಮೊದಲೇ ತಂತಿ ಬೆಸೆದು, ಅನಂತರ ಬಿಸಿ ಅಂಟಿನಿಂದ ಕಾರ್ಡಿಗೆ ಕೂರಿಸಿ. ಬೆಸುಗೆಯ ಸಲಾಕೆ ಯಂತ್ರಕ್ಕೆ ಎಂದೂ ತಾಗಬಾರದು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಯುಎಸ್‌ಬಿ ಪರಿವರ್ತಕ ಬೇಕಾಗುತ್ತದೆ. ಅದು ಆರ್‌ಎಸ್-232 ಮಾದರಿಯದಾಗಿರಲಿ. ಪರೀಕ್ಷೆಗಾಗಿ ಯಂತ್ರವನ್ನು ಎನ್‌ಎಂಇಎ ಕ್ರಮಕ್ಕೂ ಕಂಪ್ಯೂಟರಿನ ವೇಗವನ್ನು 4800ಕ್ಕೂ ಹೊಂದಿಸಿರಿ. ಟರ್ಮಿನಲ್ ತಂತ್ರಾಂಶದಲ್ಲಿ ಡಾಲರ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಹರಿದುಬಂದರೆ ಯಂತ್ರದ ಮಾತು ಕಂಪ್ಯೂಟರಿಗೆ ಕೇಳಿಸಿತೆಂದೇ ಅರ್ಥ. ಬಳಿಕ ಯಂತ್ರವನ್ನು ಗಾರ್ಮಿನ್ ಕ್ರಮಕ್ಕೆ ಮರಳಿಸಿ, ಉಚಿತವಾಗಿ ದೊರೆಯುವ ಜಿಪಿಎಸ್‌ಬೇಬಲ್ ತಂತ್ರಾಂಶದಿಂದ ಗುರುತುಗಳನ್ನು ಇಳಿಸಿಕೊಳ್ಳಬಹುದು.

ಮೊಬೈಲಿನಲ್ಲೇ ಜಿಪಿಎಸ್ ಇರುವಾಗ ಇದೇಕೆ ಎಂದು ನೀವು ಕೇಳಬಹುದು. ಕೇಬಲ್ ಕಳೆದುಹೋಯಿತೆಂಬ ಒಂದೇ ಕಾರಣಕ್ಕೆ ಮೂಲೆಗೆ ಬಿದ್ದ ಒಳ್ಳೆಯ ಯಂತ್ರಗಳಿವೆ. ಅವುಗಳ ಹೊಟ್ಟೆಯಲ್ಲಿ ಹಿಂದೊಮ್ಮೆ ನಡೆದ ಗಡಿಗಳು ಹಾಗೆಯೇ ಉಳಿದಿರಬಹುದು. ಆ ಗಡಿಗಳನ್ನು ತೋರಿಸಿಕೊಟ್ಟ ಹಿರಿಯರಲ್ಲಿ ಕೆಲವರು ಇಂದು ನಮ್ಮೊಡನಿಲ್ಲ.

ಕೊನೆಯದಾಗಿ ಒಂದು ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2012ರಲ್ಲಿ ತಿದ್ದುಪಡಿಯಾದ ನಿಯಮಗಳು, ಉಪಗ್ರಹ ಚಿತ್ರ ಮೊದಲಾದ ತಂತ್ರಜ್ಞಾನವು ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಪರ್ಯಾಯವಾಗದು ಎನ್ನುತ್ತವೆ. ಗಡಿಯ ಹಳೆಯ ಮರ, ಕಲ್ಲು, ಹಳ್ಳಗಳನ್ನು ಬಲ್ಲವರು ಹಿರಿಯರೇ. ಅವರು ತೋರಿದ ಜಾಗ ನಕ್ಷೆಗೆ ಏರುವಾಗ ಅಂಕಿ ತಪ್ಪದಂತೆ ಕಾಯುವುದಷ್ಟೇ ಈ ಮೂರು ತಂತಿಗಳ ಕೆಲಸ. ಅದನ್ನು ಕಲಿತು ನಿರ್ವಹಿಸುವ ಹೊಣೆ ವಿದ್ಯಾರ್ಥಿಗಳಾದ ನಿಮ್ಮದು.