ಕೆಟ್ಟ ತುಂಡನ್ನೂ ಮೇಜಿನ ಮೇಲಿಡಿ



ದೀಪ ಹಚ್ಚುವ ಮೊದಲು ಅಲೆವೂರಿನ ಈ ವಿದ್ಯಾರ್ಥಿ ಪ್ರದರ್ಶನದ ಮಳಿಗೆಗಳಿಗೆ ಒಂದು ಸುತ್ತು ಹಾಕಿ ಬಂದೆ. ಲೋಹದ ತ್ರೀಡಿ ಮುದ್ರಣದ ತುಂಡುಗಳು ಫಳಫಳ ಹೊಳೆಯುತ್ತಿವೆ. ಕೆಟ್ಟದ್ದು ಒಂದೂ ಕಾಣಲಿಲ್ಲ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ: ಈ ಕೆಲಸದಲ್ಲಿ ಕೆಲವು ತುಂಡು ಕೆಡಲೇಬೇಕು.

ಕಾರ್ಕಳದ 42 ಅಡಿಯ ಗೊಮ್ಮಟ ಬೇಡದ ಕಲ್ಲನ್ನು ಕೆತ್ತಿ ತೆಗೆದು ಆದದ್ದು. ಲೋಹದ ಮುದ್ರಣದಲ್ಲಿ ಕೂಡಿಸುವ ಕೆಲಸ. ಹಿಟ್ಟಿನಂಥ ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದಲ್ಲಿ ಮಾತ್ರ ಲೇಸರಿನಿಂದ ಕರಗಿಸಿ, ಅದರ ಮೇಲೆ ಮತ್ತೊಂದು ಪದರ. ಕರಗಿದ್ದು ಕಣ್ಣು ಮಿಟುಕಿಸುವುದರೊಳಗೆ ಗಟ್ಟಿಯಾಗಿ ಕುಗ್ಗುತ್ತದೆ, ಕೆಳಗಿನ ಪದರ ಬಿಡುವುದಿಲ್ಲ. ಆ ಎಳೆದಾಟಕ್ಕೆ ತುಂಡು ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಶಾಖ ಸಾಲದಿದ್ದರೆ ಪುಡಿ ಕರಗದೆ ಉಳಿಯುತ್ತದೆ. ಅತಿಯಾದರೆ ಒಳಗೆ ಗುಳ್ಳೆ. ಹದ ಹಿಡಿಯಲು ಮಾಡಿ ನೋಡಬೇಕೋ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕೋ ಎಂಬುದೇ ಜಗಳ. ಮಾಡಿ ನೋಡೋಣವೆಂದರೆ ಪುಡಿ ದುಬಾರಿ, ಒಂದು ತುಂಡಿಗೆ ಕೆಲವೊಮ್ಮೆ ದಿನಗಟ್ಟಲೆ ಬೇಕು. ಲೆಕ್ಕಕ್ಕೆ ಪುಡಿ ಬೇಡ, ನಿಜ. ಆದರೆ ಕರಗಿದ ಪ್ರತಿ ಹನಿಯ ಓಟವನ್ನೂ ಲೆಕ್ಕಿಸಹೊರಟರೆ ಕಂಪ್ಯೂಟರೇ ಸುಸ್ತಾಗುತ್ತದೆ. ಹಾಗಾಗಿ ಅಲ್ಲಲ್ಲಿ ಅಂದಾಜು ಸೇರಿಸುತ್ತಾರೆ.

ಇಸ್ರೋ ಈ ಜಗಳಕ್ಕೆ ಬೀಳಲಿಲ್ಲ, ಎರಡನ್ನೂ ಮಾಡಿತು. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಪಿಎಸ್4 ಎಂಜಿನನ್ನು ವಿಪ್ರೋ ತ್ರೀಡಿ ಮುದ್ರಿಸಿಕೊಟ್ಟಿತು. 14 ಬಿಡಿಭಾಗಗಳು ಒಂದಾದವು, 19 ವೆಲ್ಡಿಂಗ್ ಜೋಡಣೆಗಳು ಹೋದವು, 565 ಕಿಲೋ ಲೋಹ ಬೇಡುತ್ತಿದ್ದ ಕಡೆ 13.7 ಕಿಲೋ ಪುಡಿ ಸಾಕಾಯಿತು. ಮೊದಲು ಹರಿವು, ಶಾಖ, ಬಲಗಳ ಲೆಕ್ಕ. ಬಳಿಕ ಬೆಂಕಿಯಿಲ್ಲದೆ ದ್ರವ ಹರಿಸಿ ನೋಡಿದರು. ಆಮೇಲೆ ನಾಲ್ಕು ಬಾರಿ ಉರಿಸಿದರು, ಒಟ್ಟು 74 ಸೆಕೆಂಡು ಮಾತ್ರ. ಕೊನೆಗೆ 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಪೂರ್ತಿ 665 ಸೆಕೆಂಡು. ಲೆಕ್ಕದ ಮೇಲೆ ಅವರಿಗಿದ್ದ ನಂಬಿಕೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆದದ್ದು.

ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ನಿಸ್ಟ್‌ನ ದಾರಿ ಇನ್ನೂ ಖಡಕ್ಕು. 2018ರಲ್ಲಿ ಅವರು ತುಂಡು ಮುದ್ರಿಸಿ, ಅಳೆದು, ಅಳತೆಯನ್ನು ಬಚ್ಚಿಟ್ಟು, ಲೆಕ್ಕದವರಿಗೆ ‘ಈಗ ಹೇಳಿ’ ಎಂದರು. ಉತ್ತರ ನೋಡಿಕೊಂಡು ಹೊಂದಿಸಿದ ಲೆಕ್ಕಕ್ಕೆ ನಾನಂತೂ ಅಂಕ ಕೊಡುವವನಲ್ಲ.

ಮಕ್ಕಳೇ, ಸೊಟ್ಟಗಾದ, ಬಿರಿದ ತುಂಡುಗಳು ಕೋಣೆಯ ಮೂಲೆಯಲ್ಲಿ ಎಲ್ಲೋ ಇರಬೇಕಲ್ಲ? ಮಧ್ಯಾಹ್ನದೊಳಗೆ ತಂದು ಎದುರಿನ ಮೇಜಿನಲ್ಲೇ ಜೋಡಿಸಿ. ಪಕ್ಕದಲ್ಲಿ ನಿಮ್ಮ ಲೆಕ್ಕ ಏನು ಹೇಳಿತ್ತು ಎಂಬ ಚೀಟಿಯೂ ಇರಲಿ. ಊಟ ಮುಗಿಸಿ ನಾನು ಮೊದಲು ಬರುವುದು ಆ ಮೇಜಿಗೆ.